ನಾನು ತಿದ್ದಿದ ತೂಕ

ಓಟಕ್ಕೆ ಹತ್ತು ದಿನವಿರುವಾಗ ಡ್ರಿಲ್ ಮೇಷ್ಟ್ರು ಸೈಕಲ್ಲಿನಲ್ಲಿ ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಬಂದರು. ಮುಂದಿನ ಚಕ್ರಕ್ಕೆ ದೂರ ಎಣಿಸುವ ಪುಟ್ಟ ಯಂತ್ರವೊಂದನ್ನು ಕಟ್ಟಿದ್ದರು. ಕಡೂರಿನಿಂದ ಹೊರಟು, ಚೌಳಹಿರಿಯೂರು ಹಾದು, ಗಾಡಿ ಜಾಡುಗಳಲ್ಲಿ ತುಳಿದು, ಕೆಲವು ಕೆರೆ ಏರಿಗಳ ಮೇಲೆ ಸೈಕಲ್ಲನ್ನೇ ಹೆಗಲಿಗೇರಿಸಿಕೊಂಡು ನಮ್ಮೂರು ಶಿವನಿಯನ್ನು ಮುಟ್ಟುವ ಹೊತ್ತಿಗೆ ಅವರ ಪ್ಯಾಂಟಿನ ತುಂಬ ಎರೆಮಣ್ಣಿನ ದೂಳು.

“ಸಿಸ್ಟರ್, ಇಲ್ಲಿಗೇ ನಲವತ್ತು ಕಿಲೋಮೀಟರ್ ಚಿಲ್ಲರೆ ಆಯ್ತು,” ಎಂದರು. “ಇಲ್ಲಿಂದ ಅಜ್ಜಂಪುರ, ಅಲ್ಲಿಂದ ದನ ಮೇಯೋ ಕಾವಲು ದಾಟಿ ತರೀಕೆರೆ. ಒಟ್ಟು ಎಪ್ಪತ್ತರ ಮೇಲೆ ಹೋಗುತ್ತೆ. ಒಂದೇ ದಿನ. ಟಾರು ರಸ್ತೆಯಲ್ಲಿ ಓಡೋ ಹಾಗಿಲ್ಲ, ದಾಟಬಹುದು ಅಷ್ಟೆ.”

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಕಡೆ ಓಟವೆಂದರೆ ಹೈಸ್ಕೂಲು ಮೈದಾನದ ಸುತ್ತು, ಹೆಚ್ಚೆಂದರೆ ಬೀರೂರಿನಿಂದ ಕಡೂರಿಗೆ ಒಂದು ಓಟ. ಎಪ್ಪತ್ತು ಕಿಲೋಮೀಟರನ್ನು ಮನುಷ್ಯರು ಕಾಲಲ್ಲಿ ಓಡುತ್ತಾರೆಂಬುದು ನನಗೆ ತಮಾಷೆಯಾಗಿ ಕಂಡಿತು. ಆದರೆ ಮೇಷ್ಟ್ರು ಎರಡೂ ತಾಲ್ಲೂಕಿನ ಯುವಕ ಸಂಘಗಳನ್ನು ಒಪ್ಪಿಸಿಬಿಟ್ಟಿದ್ದರು. ಓಟಗಾರರ ಜೊತೆ ಒಬ್ಬ ನರ್ಸ್ ಇರಲಿ ಎಂದು ನಮ್ಮ ಆರೋಗ್ಯ ಕೇಂದ್ರದ ಡಾಕ್ಟರು ನನ್ನನ್ನು ಕಳಿಸಲು ಒಪ್ಪಿದ್ದರು. ಅವರಿಗೆ ಅದೇ ವಾರ ಕುಟುಂಬ ಯೋಜನೆಯ ಆಪರೇಷನ್ ಕ್ಯಾಂಪ್. ಒಂದು ಚೀಟಿಯಲ್ಲಿ ಎರಡೇ ಸಾಲು ಬರೆದು ಕೊಟ್ಟಿದ್ದರು: ಹೊರಡುವಾಗ, ಶಿವನಿಯಲ್ಲಿ, ಅಜ್ಜಂಪುರದಲ್ಲಿ ಪ್ರತಿಯೊಬ್ಬರ ತೂಕ ನೋಡಿ ಬರೆಯಬೇಕು. ಮೂರು ಕೆಜಿಗಿಂತ ಹೆಚ್ಚು ಇಳಿದವರನ್ನು ನಿಲ್ಲಿಸಬೇಕು.

ಮಿಕ್ಕಿದ್ದನ್ನೆಲ್ಲ ನಾನೇ ಸೇರಿಸಿದೆ. ತರಬೇತಿಯಲ್ಲಿ ನಾನು ಕಲಿತದ್ದು ಇಷ್ಟು: ಬಿಸಿಲಿನಲ್ಲಿ ದುಡಿಯುವ ಮೈಗೆ ನೀರು ಬೇಕು, ನೀರು ಕಮ್ಮಿಯಾದರೆ ಮನುಷ್ಯ ಬೀಳುತ್ತಾನೆ. ವಾಂತಿಭೇದಿಯಲ್ಲಿ ಒಣಗಿ ಹೋದ ಮಕ್ಕಳನ್ನು ನಾನು ಕಣ್ಣಾರೆ ಕಂಡಿದ್ದೆ. ಆದ್ದರಿಂದ ಮೇಷ್ಟ್ರ ಜೊತೆ ಕೂತು ದಾರಿಯುದ್ದಕ್ಕೂ ಹದಿನೆಂಟು ಕಡೆ ನೀರಿನ ಹಂಡೆ ಇಡಿಸುವ ಪಟ್ಟಿ ಮಾಡಿದೆ. ಪ್ರತಿ ಹಂಡೆಯ ಬಳಿಯೂ ಒಂದು ಚೊಂಬು ತುಂಬ ಕುಡಿಯಲೇಬೇಕು, ಬಾಯಾರಿಕೆ ಇರಲಿ ಬಿಡಲಿ. ದಾರಿಯಲ್ಲಿ ಯಾರಾದರೂ ಮಜ್ಜಿಗೆ, ಉಪ್ಪಿನಕಾಯಿ ಕೊಟ್ಟರೆ ಮುಟ್ಟಬಾರದು, ಹೊಟ್ಟೆ ಕೆಟ್ಟೀತು. ಈ ಎರಡು ನಿಯಮಗಳನ್ನೂ ನಾನೇ ದಪ್ಪ ಅಕ್ಷರದಲ್ಲಿ ಬರೆದು, ಮೇಷ್ಟ್ರಿಂದ ಸೈಕ್ಲೋಸ್ಟೈಲ್ ಮಾಡಿಸಿದೆ. ಕೆಳಗೆ ನನ್ನ ಸಹಿ ಇತ್ತು. ಡಾಕ್ಟರಿಗೆ ತೋರಿಸಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಅವರನ್ನು ಯಾಕೆ ಕೇಳಬೇಕು ಅನ್ನಿಸಿತ್ತು.

ಹೆಸರು ಕೊಟ್ಟವರಲ್ಲಿ ನನಗೆ ಗೊತ್ತಿದ್ದವನು ಒಬ್ಬನೇ, ಶಿವನಿ ರೈಲ್ವೆ ಕ್ವಾರ್ಟರ್ಸಿನ ಕೀಮ್ಯಾನ್. ದಿನವೂ ಸುತ್ತಿಗೆ ಹೊತ್ತು ಹಳಿಯುದ್ದಕ್ಕೂ ನಡೆಯುವುದು, ಸಡಿಲಾದ ಕೀಲಿಗಳನ್ನು ಬಡಿದು ಕೂರಿಸುವುದು, ಹಳಿಯಲ್ಲಿ ಬಿರುಕಿದ್ದರೆ ನೋಡಿ ಹೇಳುವುದು ಅವನ ಕೆಲಸ. ಎರಡು ವರ್ಷದ ಹಿಂದೆ ಅವನ ಹೆಂಡತಿಯ ಹೆರಿಗೆ ನಾನೇ ಮಾಡಿಸಿದ್ದೆ. ಹೊಕ್ಕುಳ ಬಳ್ಳಿ ಕೊರಳಿಗೆ ಎರಡು ಸುತ್ತು ಸುತ್ತಿಕೊಂಡು ಮಗು ನೀಲಿಯಾಗಿ ಬಂದಿತ್ತು. ಅದು ಅತ್ತ ದಿನದಿಂದ ಆ ಮನೆಯಲ್ಲಿ ನಾನು ಹೇಳಿದ್ದೇ ಮಾತು.

“ನಿನಗೆ ಯಾಕಪ್ಪಾ ಈ ಓಟ? ದಿನಾ ನಡೆಯೋದು ಸಾಲದಾ?” ಎಂದು ಕೇಳಿದ್ದೆ.

“ದಿನಾ ಹಳಿ ಕರ್ಕೊಂಡೋದ ಕಡೆ ಹೋಗ್ತೀನಿ, ಹಳಿ ಕರ್ಕೊಂಡ್ ಬಂದಂಗೆ ಬತ್ತೀನಿ ನರ್ಸಮ್ಮ,” ಎಂದ. “ಒಂದ್ಸಲ ಹಳಿ ಬಿಟ್ಟು ನನ್ ಕಾಲು ಎಷ್ಟು ದೂರ ಹೋಗ್ತವೆ ಅಂತ ನೋಡ್ಬೇಕು. ಗೆಲ್ಲಾಕಲ್ಲ. ತರೀಕೆರೆ ಮುಟ್ಟಿದ್ರೆ ಸಾಕು.”

ಓಟದ ದಿನ ಬೆಳಕು ಹರಿಯುವ ಮುನ್ನ ಕಡೂರಿನ ಮೈದಾನದಲ್ಲಿ ಇಪ್ಪತ್ತೆರಡು ಜನ ಸೇರಿದರು. ಬನಿಯನ್ನು, ಚಡ್ಡಿ. ಅರ್ಧಕ್ಕರ್ಧ ಜನರ ಕಾಲಲ್ಲಿ ಕ್ಯಾನ್ವಾಸ್ ಶೂ, ಉಳಿದವರು ಬರಿಗಾಲು. ಆರೋಗ್ಯ ಕೇಂದ್ರದ ಮುಳ್ಳಿನ ತೂಕದ ಯಂತ್ರವನ್ನು ಸಿಮೆಂಟು ಜಗಲಿಯ ಮೇಲಿಟ್ಟು ಒಬ್ಬೊಬ್ಬರನ್ನೇ ಹತ್ತಿಸಿದೆ. ಕೀಮ್ಯಾನ್ ಸರಿಯಾಗಿ ಅರವತ್ತು ಕೆಜಿ. ರಿಜಿಸ್ಟರಿನಲ್ಲಿ ಬರೆದೆ. ಆಮೇಲೆ ಎಲ್ಲರನ್ನೂ ಕೂರಿಸಿ ನೀರಿನ ನಿಯಮವನ್ನು ಇನ್ನೊಮ್ಮೆ ಓದಿ ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ನಾಲ್ಕೈದು ಹುಡುಗರು ನಕ್ಕರು. ಅವನು ಮಾತ್ರ ಕೈ ಎತ್ತಿದ.

“ನರ್ಸಮ್ಮ, ಚೊಂಬು ದೊಡ್ದಿದ್ರೆ?”

“ದೊಡ್ಡದಿದ್ದರೆ ದೊಡ್ಡದೇ ಕುಡಿ. ನೀರಿಂದ ಯಾರೂ ಕೆಟ್ಟಿಲ್ಲ,” ಎಂದೆ. ಎಲ್ಲರೂ ಕೇಳಿಸಿಕೊಂಡರು.

ಮೇಷ್ಟ್ರು ಸೀಟಿ ಊದಿದರು. ನಾನು ಜೀಪಿನಲ್ಲಿ ಶಿವನಿಗೆ ಹೋದೆ.

ಶಿವನಿಯಲ್ಲಿ ತೂಕ ನೋಡಲು ರೈಲ್ವೆ ಸ್ಟೇಷನ್ನಿನ ಪಾರ್ಸಲ್ ಕೋಣೆಯ ಯಂತ್ರವನ್ನು ಕೇಳಿಕೊಂಡಿದ್ದೆವು. ನೆಲಮಟ್ಟದ ಕಬ್ಬಿಣದ ಹಲಗೆ, ಅದರ ಮೇಲೆ ಕಂಬ, ಕಂಬದ ತುದಿಯಲ್ಲಿ ಹಿತ್ತಾಳೆಯ ಸರಳು. ಸರಳಿನ ಮೇಲೆ ಬಿಲ್ಲೆ ಸರಿಸಿ ತೂಕ ಓದಬೇಕು. ಎರಡು ಯಂತ್ರಗಳಿಗೆ ವ್ಯತ್ಯಾಸವಿದ್ದರೆ ಲೆಕ್ಕ ತಪ್ಪುತ್ತದಲ್ಲ, ಅದಕ್ಕೆ ಬೆಳಿಗ್ಗೆ ಕಡೂರಿನಲ್ಲಿ ನಾನೇ ಹತ್ತಿ ನೋಡಿಕೊಂಡಿದ್ದೆ. ಇಲ್ಲಿಯೂ ಹತ್ತಿದೆ. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಜೀಪಿನ ಡ್ರೈವರನ್ನೂ ಎರಡೂ ಕಡೆ ಹತ್ತಿಸಿದ್ದೆ. ಅವನದೂ ಸರಿಯಾಗಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಯಂತ್ರ ಸರಿಯಿದೆ ಎಂಬುದು ನನಗೆ ಖಚಿತವಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ಮೊದಲ ಓಟಗಾರ ಒಂಬತ್ತೂವರೆಗೆ ಬಂದ. ಒಂದೂವರೆ ಕೆಜಿ ಇಳಿದಿದ್ದ. ಆಮೇಲೆ ಬಂದವರೆಲ್ಲ ಒಂದು, ಎರಡು, ಎರಡೂಕಾಲು ಹೀಗೆ ಇಳಿದಿದ್ದರು. ಒಬ್ಬನ ತುಟಿಯ ಮೇಲೆ ಮಜ್ಜಿಗೆಯ ಬಿಳಿ ಗೆರೆ ಕಂಡು ಬೈದೆ. “ಹೊಲದಲ್ಲಿ ಕೊಟ್ರು ಸಿಸ್ಟರ್, ಉಪ್ಪು ಹಾಕಿದ್ರು, ಜೀವ ಬಂದಂಗಾಯ್ತು,” ಎಂದ. ನೀರು ಎಷ್ಟು ಕುಡಿದೆ ಎಂದರೆ, “ಎಲ್ಲಾ ಕಡೆ ಕುಡೀಲಿಲ್ಲ, ಬಾಯಾರ್ದಾಗ ಕುಡ್ದೆ” ಎಂದ. ಅವನ ಹೆಸರಿನ ಮುಂದೆ ನಿಯಮ ಪಾಲಿಸಿಲ್ಲ ಎಂದು ಬರೆದೆ. ಆ ದಿನ ಅವನು ನಾಲ್ಕನೆಯವನಾಗಿ ತರೀಕೆರೆ ತಲುಪಿದ.

ಕೀಮ್ಯಾನ್ ಬಂದಾಗ ಹನ್ನೆರಡಾಗುತ್ತಾ ಬಂದಿತ್ತು. ಅವನ ಹಿಂದೆ ಇನ್ನಿಬ್ಬರು ಮಾತ್ರ ಉಳಿದಿದ್ದರು. ಓಡುತ್ತಿರಲಿಲ್ಲ, ಜೋರು ನಡಿಗೆ. ನಗುತ್ತಲೇ ಬಂದ. ಸ್ಟೇಷನ್ನಿನವರು, ಹಳಿ ರಿಪೇರಿಯ ಗ್ಯಾಂಗಿನವರು, ಮಗುವನ್ನೆತ್ತಿಕೊಂಡ ಹೆಂಡತಿ, ಎಲ್ಲರೂ ಅವನಿಗಾಗಿಯೇ ಕಾದಿದ್ದರು. ಹಲಗೆಯ ಮೇಲೆ ನಿಂತ. ನಾನು ಬಿಲ್ಲೆಯನ್ನು ಅರವತ್ತರಿಂದ ಹಿಂದಕ್ಕೆ ಸರಿಸಿದೆ. ಸರಳು ಮೇಲಕ್ಕೇ ನಿಂತಿತ್ತು. ಇನ್ನೂ ಹಿಂದಕ್ಕೆ. ಇಳಿಯಲಿಲ್ಲ. ಮುಂದಕ್ಕೆ ಸರಿಸಿದೆ. ಅರವತ್ತೆರಡೂವರೆಗೆ ಸರಳು ಸಮವಾಯಿತು.

ಇಳಿಸಿ ಮತ್ತೆ ಹತ್ತಿಸಿದೆ. ಚಡ್ಡಿಯ ಜೇಬು ನೋಡಿದೆ, ಏನೂ ಇರಲಿಲ್ಲ. ಅದೇ ಅರವತ್ತೆರಡೂವರೆ.

“ನೀರು ಕುಡಿದೆಯಾ?” ಎಂದೆ.

“ಒಂದ್ ಹಂಡೆನೂ ಬಿಟ್ಟಿಲ್ಲ ನರ್ಸಮ್ಮ. ಕೆಲವು ಕಡೆ ಎರಡೆರಡು ಚೊಂಬು ಕುಡ್ದಿದೀನಿ. ಮಜ್ಜಿಗೆ ಕೊಡಾಕ್ ಬಂದ್ರು, ನರ್ಸಮ್ಮ ಬ್ಯಾಡ ಅಂದವ್ರೆ ಅಂದೆ.” ಕೈ ಚಾಚಿ ತೋರಿಸಿದ. “ಯಾಕೋ ಬೆರಳು ಊದ್ಕೊಂಡವೆ. ಉಂಗುರ ತಿರುಗ್ತಾನೇ ಇಲ್ಲ.”

ಪಾರ್ಸಲ್ ಗುಮಾಸ್ತರು ಪಕ್ಕದಲ್ಲೇ ನಿಂತಿದ್ದರು. ವಯಸ್ಸಾದವರು. “ಎರಡೂವರೆ ಕೆಜಿ ಜಾಸ್ತಿ ಬಂತಲ್ಲಮ್ಮ,” ಎಂದರು ಮೆಲ್ಲಗೆ. “ಓಡ್ದೋನು ಹೆಂಗೆ ದಪ್ಪ ಆಯ್ತಾನೆ? ಒಂದ್ ಗಳಿಗೆ ಕೂರ್ಸಿ ನೋಡಿ.”

ಕೂರಿಸಬಹುದಿತ್ತು. ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಎಲ್ಲರ ಮುಂದೆಯೂ ಇಳಿಕೆಯ ಅಂಕಿಗಳಿರುವ ರಿಜಿಸ್ಟರಿನಲ್ಲಿ ಒಬ್ಬನದು ಮಾತ್ರ ಏರಿದ್ದರೆ ಡಾಕ್ಟರು ಏನು ತಿಳಿಯುತ್ತಾರೆ? ತೂಕ ನೋಡಲೂ ಬರುವುದಿಲ್ಲ ಈಕೆಗೆ ಎನ್ನುತ್ತಾರೆ. ಆ ವರ್ಷ ನನ್ನ ಕೆಲಸ ಕಾಯಂ ಆಗುವುದರಲ್ಲಿತ್ತು. ಓಡಿದವನ ತೂಕ ಏರಲು ಸಾಧ್ಯವೇ ಇಲ್ಲ, ಎಲ್ಲೋ ಏನೋ ತಪ್ಪಾಗಿದೆ, ನಿಜವಾದ ತೂಕ ಇಷ್ಟಿರಬೇಕು ಎಂದು ನಾನೇ ತೀರ್ಮಾನಿಸಿ ಐವತ್ತೆಂಟೂವರೆ ಎಂದು ಬರೆದೆ. ಒಂದೂವರೆ ಕೆಜಿ ಇಳಿಕೆ. ಬೇರೆಯವರ ಅಂಕಿಗಳ ನಡುವೆ ಅದು ಚೆನ್ನಾಗಿ ಕೂತಿತು. ಗುಮಾಸ್ತರು ಕನ್ನಡಕದೊಳಗಿಂದ ರಿಜಿಸ್ಟರನ್ನೂ ನೋಡಿದರು, ನನ್ನನ್ನೂ ನೋಡಿದರು.

ಮೇಷ್ಟ್ರು ಬಾಗಿಲಲ್ಲಿ ತಲೆ ಹಾಕಿ, “ಸಿಸ್ಟರ್, ಇವನದು ಸರಿಯಾಗಿದೆ ತಾನೆ? ಬಿಡೋಣವಾ?” ಎಂದರು.

“ಸರಿಯಾಗಿದೆ. ಬಿಡಿ,” ಎಂದೆ. ಹೊರಡುವಾಗ ಅವನ ಕೈಗೆ ಇನ್ನೊಂದು ಚೊಂಬು ನೀರು ಕೊಟ್ಟೆ. ನನ್ನ ಮುಖ ನೋಡಿಕೊಂಡೇ ಪೂರ್ತಿ ಕುಡಿದ.

ಉಳಿದ ಇಬ್ಬರನ್ನೂ ತೂಗಿ ಕಳಿಸಿ ಜೀಪಿನಲ್ಲಿ ಅಜ್ಜಂಪುರಕ್ಕೆ ಬಂದೆ. ಊರ ಹೊರಗೆ ಕಾವಲಿನ ಅಂಚಿನಲ್ಲಿ ಬೇವಿನ ಮರದ ಕೆಳಗೆ ನಮ್ಮ ಮೂರನೆಯ ಠಾಣೆ. ಕಡೂರಿನ ಮುಳ್ಳಿನ ಯಂತ್ರವನ್ನು ಅಲ್ಲಿ ಒಂದು ಹಲಗೆಯ ಮೇಲೆ ಇಟ್ಟಿದ್ದೆವು. ಎರಡು ಗಂಟೆಯ ಸುಮಾರಿಗೆ ಕೀಮ್ಯಾನ್ ದೂರದಲ್ಲಿ ಕಂಡ. ಗಾಡಿ ಜಾಡಿನ ಈ ಕಡೆಯಿಂದ ಆ ಕಡೆಗೆ ವಾಲುತ್ತಾ ಬರುತ್ತಿದ್ದ. ಹತ್ತಿರ ಬಂದವನೇ ಮರ ಹಿಡಿದುಕೊಂಡು ವಾಂತಿ ಮಾಡಿದ. ಬರೀ ನೀರು.

“ತಲೆ ಸಿಡೀತೈತೆ ನರ್ಸಮ್ಮ,” ಎಂದ.

ಯಂತ್ರ ಅಲ್ಲೇ ಇತ್ತು. ಅವನಿಗೆ ನಿಲ್ಲಲಾಗುತ್ತಿಲ್ಲ ಎಂಬ ನೆಪ ನನಗೆ ಸಿಕ್ಕಿತು. ತೂಕ ನೋಡಲಿಲ್ಲ. ಜಮಖಾನೆಯ ಮೇಲೆ ಮಲಗಿಸಿ, ತಲೆ ಎತ್ತಿ ಹಿಡಿದು, ಚೊಂಬು ಬಾಯಿಗಿಟ್ಟೆ.

“ಬ್ಯಾಡ ನರ್ಸಮ್ಮ. ಹೊಟ್ಟೆ ಒಳಗೆ ಕುಲುಕಾಡ್ತೈತೆ.”

“ವಾಂತಿಯಾದ ಮೇಲೆ ನೀರು ಹೋಗಲೇಬೇಕು. ಕುಡಿ,” ಎಂದು ಗದರಿದೆ. ಕುಡಿದ. ಎರಡನೆಯ ಚೊಂಬನ್ನೂ ಕುಡಿಸಿದೆ. ಸ್ವಲ್ಪ ಹೊತ್ತಿಗೆ ನನ್ನನ್ನು ಹೆಂಡತಿಯ ಹೆಸರಿನಿಂದ ಕರೆದು, ಮಧ್ಯಾಹ್ನದ ಗಾಡಿ ಹೋಯ್ತಾ ಎಂದು ಕೇಳಿದ. ಆಮೇಲೆ ಕರೆದರೂ ಓಗೊಡಲಿಲ್ಲ. ಕಣ್ಣು ಅರ್ಧ ತೆರೆದಿತ್ತು.

ಜೀಪಿನಲ್ಲಿ ಹಾಕಿಕೊಂಡು ಹೊರಟೆವು. ದಾರಿಯಲ್ಲಿ ಒಬ್ಬ ಡಾಕ್ಟರು ಸ್ವಂತಕ್ಕೆ ನಡೆಸುತ್ತಿದ್ದ ಐದಾರು ಹಾಸಿಗೆಯ ಚಿಕ್ಕ ಆಸ್ಪತ್ರೆ ಇತ್ತು. ಅಲ್ಲಿಗೇ ಒಯ್ದೆವು. ಡಾಕ್ಟರು ನಾಡಿ ಹಿಡಿದರು, ರಕ್ತದೊತ್ತಡ ನೋಡಿದರು, ನಾಲಿಗೆ ಹೊರಗೆಳೆದು ನೋಡಿದರು.

“ಬಿಸಿಲಿಗೆ ಬಿದ್ದೋನ ನಾಲಿಗೆ ಇಷ್ಟು ಹಸಿಯಾಗಿರಬಾರದಲ್ಲ,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. “ಮೈ ಕೂಡ ಸುಡ್ತಿಲ್ಲ. ಸಿಸ್ಟರ್, ತೂಕ ನೋಡಿದ್ದೀರಾ? ಎಷ್ಟು ಇಳಿದಿತ್ತು?”

ರಿಜಿಸ್ಟರು ನನ್ನ ತೊಡೆಯ ಮೇಲಿತ್ತು. “ಶಿವನಿಯಲ್ಲಿ ಒಂದೂವರೆ ಕೆಜಿ ಇಳಿದಿತ್ತು ಸಾರ್,” ಎಂದೆ.

“ಆಮೇಲೆ ಎರಡು ಗಂಟೆ ಬಿಸಿಲು, ಮೇಲೆ ವಾಂತಿ. ಹಾಗಿದ್ರೆ ನೀರೇ ಕಮ್ಮಿಯಾಗಿರಬೇಕು,” ಎಂದು ಗ್ಲೂಕೋಸ್ ಬಾಟಲಿ ಏರಿಸಲು ಹೇಳಿದರು. ಸೂಜಿ ಚುಚ್ಚಿದ್ದು ನಾನೇ. ಹನಿ ಬೀಳುವುದನ್ನು ಎಣಿಸುತ್ತಾ ನಿಂತೆ. ಕಾಲು ಬಾಟಲಿ ಹೋಗಿತ್ತು. ಅವನ ಬಾಯಿ ಒಂದು ಕಡೆಗೆ ಎಳೆಯಿತು, ಹಲ್ಲು ಕಚ್ಚಿಕೊಂಡವು, ಕೈಕಾಲು ಸೆಟೆದು ಮಂಚ ಅಲುಗತೊಡಗಿತು.

ನಾಲಿಗೆ ಕಚ್ಚಿಕೊಳ್ಳದಂತೆ ನಾನು ಬಟ್ಟೆಯ ಸುರುಳಿ ಹಿಡಿದಿದ್ದೆ. ಅವನ ಊದಿದ ಬೆರಳುಗಳು ನನ್ನ ಸೀರೆಯ ಸೆರಗನ್ನು ಹಿಡಿದುಕೊಂಡಿದ್ದವು. ಹಿಡಿದುಕೊಂಡದ್ದೇನಲ್ಲ, ಸೆಳೆತಕ್ಕೆ ಮುಷ್ಟಿ ಬಿಗಿದದ್ದು. ಡಾಕ್ಟರು ಸೆಳೆತಕ್ಕೆ ಇಂಜೆಕ್ಷನ್ ಕೊಟ್ಟು, “ಬಾಟಲಿ ಇನ್ನೂ ಜೋರು ಮಾಡಿ,” ಎಂದರು.

ನನ್ನ ಕೈ ಬಾಟಲಿಯ ಕೊಳವೆಯವರೆಗೆ ಹೋಯಿತು. ಜೋರು ಮಾಡಲಿಲ್ಲ. ಪೂರ್ತಿ ನಿಲ್ಲಿಸಿಬಿಟ್ಟೆ.

“ಸಾರ್, ಆ ಅಂಕಿ ಸುಳ್ಳು. ಇಳಿದಿರಲಿಲ್ಲ. ಎರಡೂವರೆ ಕೆಜಿ ಏರಿತ್ತು. ನಾನೇ ತಿದ್ದಿ ಬರೆದೆ.”

ಅವರು ನನ್ನ ಕಡೆ ತಿರುಗಿದರು. “ಎಷ್ಟು ನೀರು ಕುಡಿಸಿದಿರಿ?” ಎಂದರು. ಹಂಡೆಗಳ ಲೆಕ್ಕ ಹೇಳಿದೆ. ಬೇವಿನ ಮರದ ಕೆಳಗಿನ ಎರಡು ಚೊಂಬನ್ನೂ ಬಿಡದೆ ಹೇಳಿದೆ. ಅವರು ಬಾಟಲಿಯನ್ನು ಕಂಬದಿಂದ ಕಿತ್ತು ಬಕೆಟ್ಟಿಗೆ ಹಾಕಿದರು. ಮೂತ್ರ ಹೋಗಿಸುವ ಇಂಜೆಕ್ಷನ್ ಕೊಟ್ಟರು. ಒಳಗಿನ ಬೀರುವಿನಿಂದ ಗಟ್ಟಿ ಉಪ್ಪು ದ್ರಾವಣದ ಒಂದೇ ಒಂದು ಬಾಟಲಿ ತಂದು, ಹನಿಹನಿಯಾಗಿ, ತಾವೇ ಗಡಿಯಾರ ನೋಡಿಕೊಂಡು ಏರಿಸಿದರು.

“ಹೆರಿಗೆ ನೋವು ಬರಿಸೋಕೆ ಗ್ಲೂಕೋಸ್ ಬಾಟಲಿ ಮೇಲೆ ಬಾಟಲಿ ಹಾಕಿದಾಗ ಒಬ್ಬ ಹೆಂಗಸಿಗೆ ಹೀಗೇ ಆಗಿತ್ತು,” ಎಂದರು, ನನ್ನ ಕಡೆ ತಿರುಗದೆ. “ನೀರು ಹೆಚ್ಚಾಗಿ ರಕ್ತದಲ್ಲಿರೋ ಉಪ್ಪು ತೆಳುವಾಗುತ್ತೆ. ಮಿದುಳು ಊದಿಕೊಳ್ಳುತ್ತೆ. ಓಡೋರಿಗೂ ಹೀಗಾಗುತ್ತೆ ಅಂತ ನನಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಬೇಕಾಗಿತ್ತು ಅಂತ ನಾನು ಹೇಳಲ್ಲ. ಆದರೆ ಯಂತ್ರ ನಿಮಗೆ ಹೇಳಿತ್ತು,” ಎಂದರು.

ಬೈದಿದ್ದರೆ ಚೆನ್ನಾಗಿತ್ತು.

ಸಂಜೆಯ ಪ್ಯಾಸೆಂಜರ್ ಗಾಡಿಗೆ ಅವನ ಹೆಂಡತಿ ಬಂದಳು. ಆ ಹೊತ್ತಿಗೆ ಸೆಳೆತ ನಿಂತು ಉಸಿರು ಹದಕ್ಕೆ ಬಂದಿತ್ತು. ಜೀಪಿನ ಡ್ರೈವರ್ ಅವಳಿಗೆ ಏನೇನೋ ಹೇಳಿದ್ದ. ನರ್ಸಮ್ಮ ತಾನೇ ಬಾಟಲಿ ನಿಲ್ಲಿಸಿ ಡಾಕ್ಟರಿಗೆ ತಿಳಿಸಿದ್ದಕ್ಕೆ ಗಂಡ ಉಳಿದ ಎಂಬಷ್ಟು ಅವಳಿಗೆ ಅರ್ಥವಾಗಿತ್ತು. ಬಂದವಳೇ ನನ್ನ ಕಾಲಿಗೆ ಬಿದ್ದಳು. ನಾನು ಕಾಲು ಹಿಂದಕ್ಕೆಳೆದುಕೊಂಡೆ. ಬಾಯಿ ತೆರೆಯಲಿಲ್ಲ. ಡಾಕ್ಟರು ಅಲ್ಲೇ ಬಾಗಿಲಲ್ಲಿದ್ದರು. ಆಮೇಲೆ ನನ್ನನ್ನು ಹೊರಗೆ ಕರೆದು, “ನನ್ನ ಹತ್ತಿರ ಹೇಳಬೇಕಾಗಿದ್ದನ್ನ ಹೇಳಿದ್ದೀರಿ. ಅವರಿಗೆ ಹೇಳೋದು ನಿಮಗೆ ಬಿಟ್ಟಿದ್ದು,” ಎಂದರು.

ಮರುದಿನ ಬೆಳಿಗ್ಗೆ ಅವನು ಕಣ್ಣು ಬಿಟ್ಟ. ಮೊದಲು ಕೇಳಿದ್ದು, “ನಾನು ಎಲ್ಲಿಗಂಟ ಹೋದೆ?” ಎಂದು. ಅಜ್ಜಂಪುರ ಎಂದೆ. “ಇನ್ನೇನು ಇಪ್ಪತ್ತಿತ್ತು,” ಎಂದು ಕಣ್ಣು ಮುಚ್ಚಿಕೊಂಡ. ಆರನೆಯ ದಿನ ಮನೆಗೆ ಹೋದ. ಎರಡು ತಿಂಗಳು ಹಳಿಯ ಮೇಲೆ ನಡೆಯಲು ಅವನಿಗೆ ಅಪ್ಪಣೆ ಇರಲಿಲ್ಲ. ತಲೆ ತಿರುಗುತ್ತಿತ್ತು.

ಬಹುಮಾನ ಹಂಚುವ ದಿನ ಮೇಷ್ಟ್ರು ನನ್ನನ್ನು ವೇದಿಕೆಗೆ ಕರೆದರು. ಸಿಸ್ಟರ್ ಸಮಯಕ್ಕೆ ಸರಿಯಾಗಿ ನಡೆದುಕೊಂಡದ್ದರಿಂದ ಒಂದು ಜೀವ ಉಳಿಯಿತು ಎಂದರು. ಹಾರ ಹಾಕಿದರು. ಮುಂದಿನ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದ ಕೀಮ್ಯಾನ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ನಾನು ಆ ಹಾರವನ್ನು ಕೊರಳಿನಿಂದ ತೆಗೆಯದೆ ಕಾರ್ಯಕ್ರಮ ಮುಗಿಯುವವರೆಗೂ ಕೂತಿದ್ದೆ. ಮಧ್ಯದಲ್ಲಿ ಎದ್ದರೆ ಯಾಕೆ ಎಂದು ಕೇಳುತ್ತಾರಲ್ಲ.

ರಿಜಿಸ್ಟರು ಐವತ್ತೆಂಟೂವರೆಯನ್ನೇ ಹೊತ್ತುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಯಿತು. ನಮ್ಮ ಡಾಕ್ಟರು ಕೆಳಗೆ ಸಹಿ ಹಾಕಿದರು. ಅದೇ ವರ್ಷ ನನ್ನ ಕೆಲಸ ಕಾಯಂ ಆಯಿತು.

ಹೇಳಲು ಒಂದು ಸಲ ಹೋಗಿದ್ದೆ, ಅದನ್ನೂ ಬರೆಯಬೇಕು. ಮಳೆ ಶುರುವಾದ ಮೇಲೆ ಒಂದು ಮಧ್ಯಾಹ್ನ, ಮಗುವಿಗೆ ಚುಚ್ಚುಮದ್ದಿನ ನೆಪ ಮಾಡಿಕೊಂಡು ಕ್ವಾರ್ಟರ್ಸಿಗೆ ಹೋದೆ. ಅವನು ಕೆಲಸಕ್ಕೆ ಹೋಗಿದ್ದ. ಹೆಂಡತಿ ಮಣೆ ಹಾಕಿ ಕೂರಿಸಿ ಕಾಫಿ ಕೊಟ್ಟಳು.

“ಅವ್ರ್ ಬಾಯಲ್ಲಿ ದಿನಾ ನಿಮ್ದೇ ಮಾತು ಅಕ್ಕಾ,” ಎಂದಳು. “ಮಗೀನೂ ನಿಮ್ ಕೈಲೇ ಉಳೀತು, ಇವ್ರೂ ನಿಮ್ ಕೈಲೇ ಉಳುದ್ರು. ನಿಮ್ ಕೈಗುಣ.”

ಕಾಫಿ ಕುಡಿದೆ, ಮಗುವಿಗೆ ಚುಚ್ಚಿದೆ, ಎದ್ದು ಬಂದೆ. ದಾರಿಯಲ್ಲಿ ಗ್ಯಾಂಗಿನವರು ಎದುರಾದರೆ ಅವನಿದ್ದಾನೋ ಎಂದು ನೋಡಿ, ಇದ್ದರೆ ಬೇರೆ ದಾರಿ ಹಿಡಿಯುವುದು ಅಂದಿನಿಂದ ಅಭ್ಯಾಸವಾಯಿತು. ಸಂತೆಯಲ್ಲಿ ಅವನ ದನಿ ಕೇಳಿದರೆ ಕೊತ್ತಂಬರಿ ಕೊಳ್ಳದೆ ವಾಪಸಾಗುತ್ತಿದ್ದೆ.

ವರ್ಷ ತಿರುಗಿತು. ಮೇಷ್ಟ್ರು ಮತ್ತೆ ಬಂದರು. ಅದೇ ದಾರಿ, ಅದೇ ಠಾಣೆಗಳು. ಆ ಚಿಕ್ಕ ಆಸ್ಪತ್ರೆಯ ಡಾಕ್ಟರನ್ನು ಈ ಮಧ್ಯೆ ಎರಡು ಸಲ ಕಂಡು ಕೇಳಿ ತಿಳಿದುಕೊಂಡಿದ್ದೆ. ನೀರಿನ ನಿಯಮ ಬದಲಾಗಬೇಕು, ಬಾಯಾರಿದಷ್ಟು ಮಾತ್ರ ಕುಡಿಯಬೇಕು, ಉಪ್ಪು ಹಾಕಿದ ಮಜ್ಜಿಗೆ ಇಡಬೇಕು, ತೂಕ ಏರಿದವರನ್ನೂ ನಿಲ್ಲಿಸಬೇಕು ಎಂದು ಮೇಷ್ಟ್ರಿಗೆ ಹೇಳಿದೆ. ಹೊಸ ಚೀಟಿಯನ್ನು ಆ ಡಾಕ್ಟರಿಂದಲೇ ಬರೆಸಿದೆ. ಯಾಕೆ ಬದಲಾಯಿಸಿದಿರಿ ಎಂದು ಮೇಷ್ಟ್ರು ಕೇಳಿದ್ದಕ್ಕೆ, “ಈಗ ಹೊಸದಾಗಿ ಹೀಗೆ ಹೇಳ್ತಾರೆ,” ಎಂದು ಜಾರಿಕೊಂಡೆ. ನಿಯಮ ಸರಿಹೋಯಿತಲ್ಲ, ಇನ್ನೇನು ಬೇಕು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಓಟದ ಬೆಳಿಗ್ಗೆ ಕಡೂರಿನ ಮೈದಾನಕ್ಕೆ ಹೋದಾಗ, ಜಗಲಿಯ ಪಕ್ಕದಲ್ಲಿ ದೊಡ್ಡ ಹಂಡೆ ಇಟ್ಟುಕೊಂಡು ಕೀಮ್ಯಾನ್ ನಿಂತಿದ್ದ. ಅವನು ಓಡುವಂತಿರಲಿಲ್ಲ, ಅದಕ್ಕೆ ನೀರು ಕೊಡುವ ಕೆಲಸ ತಾನೇ ಕೇಳಿ ಪಡೆದಿದ್ದನಂತೆ. ಹಿಂದಿನ ದಿನದ ಗಾಡಿಗೇ ಬಂದಿದ್ದ. ಹದಿನೇಳು ಜನ ಓಟಗಾರರು ಅವನ ಸುತ್ತ ಇದ್ದರು. ಒಬ್ಬೊಬ್ಬರ ಕೈಗೂ ಚೊಂಬು ಕೊಟ್ಟು, ಖಾಲಿಯಾಗುವವರೆಗೂ ಬಿಡುತ್ತಿರಲಿಲ್ಲ.

“ಕುಡೀರೋ, ಕುಡೀರಿ. ಬಾಯಾರಿಕೆ ಇಲ್ದಿದ್ರೂ ಕುಡೀಬೇಕು,” ಎನ್ನುತ್ತಿದ್ದ. “ಚೀಟೀಲಿ ಏನ್ ಬೇಕಾದ್ರೂ ಬರ್ದಿರ್ಲಿ. ಹೋದ್ ವರ್ಷ ನಾನು ಸತ್ತೇ ಹೋಗಿದ್ದೆ ಕಣ್ರಲಾ. ನರ್ಸಮ್ಮ ತಲೆ ಎತ್ತಿ ಹಿಡ್ದು ನೀರು ಕುಡಿಸಿದ್ರಲ್ಲ, ಅದಕ್ಕೇ ಬದುಕ್ದೆ. ಅದೊಂದ್ ನೆಪ್ಪೈತೆ ನಂಗೆ.”

ತೆಳ್ಳಗಿದ್ದ ಒಬ್ಬ ಯುವಕ ಎರಡನೆಯ ಚೊಂಬು ಎತ್ತಿದ್ದ. ನಾನು ಹೋಗಿ ಅದನ್ನು ಅವನ ಬಾಯಿಂದ ಕಿತ್ತುಕೊಂಡು ನೆಲಕ್ಕೆ ಚೆಲ್ಲಿದೆ. ನೀರು ನನ್ನ ಸೀರೆಯ ಮೇಲೂ ಬಿತ್ತು. ಕೀಮ್ಯಾನ್ ಕಡೆ ತಿರುಗಿದೆ.

“ನೀರು ಕುಡಿಸಿ ನಿನ್ನನ್ನ ಬದುಕಿಸಲಿಲ್ಲಪ್ಪ,” ಎಂದೆ. “ನೀರು ಕುಡಿಸಿಯೇ ಕೆಡವಿದ್ದು. ಹೆಚ್ಚು ಕುಡಿದು ನಿನ್ನ ತಲೆಗೆ ಏರಿತು. ಕುಡಿ ಅಂದಿದ್ದು ನಾನು. ಬೇಡ ಅಂದಾಗಲೂ ಗದರಿ ಕುಡಿಸಿದ್ದು ನಾನು.”

ಅವನು ನಗಲು ಹೋಗಿ ನಿಲ್ಲಿಸಿದ. “ನಿಮಗೆ ಗೊತ್ತಿರ್ಲಿಲ್ಲ ತಗಳ್ಳಿ. ಯಾರಿಗ್ ಗೊತ್ತಿತ್ತು?”

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಅವನೇ ನನಗೆ ಬಾಗಿಲು ತೆರೆದು ಕೊಟ್ಟಿದ್ದ.

“ಶಿವನಿಯಲ್ಲಿ ನಿನ್ನ ತೂಕ ಜಾಸ್ತಿ ಬಂದಿತ್ತು,” ಎಂದೆ. “ಎರಡು ಸಲ ನೋಡಿದೆ. ಯಂತ್ರ ಸರಿಯಾಗಿದೆ ಅಂತಲೂ ಗೊತ್ತಿತ್ತು.”

“ನೋಡಿದ್ರಾ?”

“ನೋಡಿದೆ.”

“ಬರ್ದಿದ್ದು?”

“ಕಮ್ಮಿ ಬರೆದೆ. ಬೈತಾರೆ ಅಂತ. ಡಾಕ್ಟ್ರು ಕೇಳಿದಾಗಲೂ ಆ ಸುಳ್ಳನ್ನೇ ಹೇಳಿದೆ. ನಿನಗೆ ಸೆಳೆತ ಬಂದ ಮೇಲೆ ಬಾಯಿಬಿಟ್ಟೆ.”

ಮೇಷ್ಟ್ರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದರು. ಓಟಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೀಮ್ಯಾನ್ ಚೊಂಬನ್ನು ಹಂಡೆಯ ಅಂಚಿನ ಮೇಲಿಟ್ಟ.

“ಹಳೀಲಿ ಬಿರುಕು ನೋಡಿ, ಸರಿಯಾಗೈತೆ ಅಂತ ಬರ್ದಂಗಾಯ್ತು,” ಎಂದ. ಸಿಟ್ಟಿನಿಂದ ಹೇಳಲಿಲ್ಲ. ತನ್ನ ಕೆಲಸದ ಲೆಕ್ಕದಲ್ಲಿ ಅದನ್ನು ತೂಗಿ ನೋಡಿದ ಹಾಗಿತ್ತು. “ನಾನು ಹಂಗ್ ಮಾಡಿದ್ರೆ ಮನೇಗ್ ಕಳಿಸ್ತಾರೆ ನರ್ಸಮ್ಮ.”

“ಹೌದು,” ಎಂದೆ.

“ನನ್ ಹೆಂಡ್ತಿ ನಿಮ್ ಕಾಲಿಗೆ ಬಿದ್ಲಂತೆ.”

“ಬಿದ್ದಳು,” ಎಂದೆ.

ಅವನು ಹಂಡೆಯನ್ನು ಒಬ್ಬನೇ ಎಳೆದುಕೊಂಡು ಹೋಗಿ ಮೈದಾನದಾಚೆಯ ಬೇಲಿಯ ಬುಡಕ್ಕೆ ಮಗುಚಿದ. ಮೇಷ್ಟ್ರು ನನ್ನ ಹತ್ತಿರ ಬಂದು, “ಸಿಸ್ಟರ್, ನೀವು ಇವತ್ತು ಬೇಕಾದರೆ...” ಎಂದು ಅರ್ಧಕ್ಕೇ ನಿಲ್ಲಿಸಿದರು. ಹೋಗಿ ಎನ್ನುವಂತಿರಲಿಲ್ಲ. ತೂಕ ನೋಡುವವರು ಬೇರೆ ಯಾರೂ ಇರಲಿಲ್ಲ. ನಾನು ಯಂತ್ರವನ್ನು ಜಗಲಿಯ ಮೇಲಿಟ್ಟು, ರಿಜಿಸ್ಟರು ತೆರೆದು, ಪೆನ್ನಿನ ಮುಚ್ಚಳ ತೆಗೆದೆ. ಯಾರೂ ಮುಂದೆ ಬರಲಿಲ್ಲ. ತೆಳ್ಳಗಿನ ಯುವಕ ನೆಲ ನೋಡುತ್ತಾ ನಿಂತಿದ್ದ.

ಕೀಮ್ಯಾನ್ ಖಾಲಿ ಹಂಡೆಯನ್ನು ಗೋಡೆಗೆ ಒರಗಿಸಿ ಬಂದ. ನನ್ನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಕೈ ಚಾಚಿದ.

“ಪುಸ್ತಕ ಇತ್ತ ಕೊಡಿ. ಅಂಕಿ ಬರೆಯಾಕೆ ಬತ್ತದೆ ನಂಗೆ. ನೀವು ತೂಕ ನೋಡಿ ಹೇಳಿ, ನಾನ್ ಬರ್ಕೊಂತೀನಿ.”

ರಿಜಿಸ್ಟರನ್ನೂ ಪೆನ್ನನ್ನೂ ಕೊಟ್ಟೆ. ಅವನು ಓಟಗಾರರ ಕಡೆ ತಿರುಗಿ, “ಬನ್ರಪ್ಪ, ಒಬ್ಬೊಬ್ರೇ ಹತ್ರಿ, ಹೊತ್ತಾಗ್ತೈತೆ,” ಎಂದ.

ತೆಳ್ಳಗಿನ ಯುವಕ ಮೊದಲು ಹತ್ತಿದ. ಮುಳ್ಳು ನಿಂತ ಮೇಲೆ ನಾನು, “ಐವತ್ತೊಂದು,” ಎಂದೆ. ಕೀಮ್ಯಾನ್ ಪೆನ್ನು ಕಾಗದಕ್ಕೆ ತಾಗಿಸುವ ಮುನ್ನ ಮುಂದಕ್ಕೆ ಬಗ್ಗಿ, ಮುಳ್ಳನ್ನು ತಾನೇ ನೋಡಿ, ಆಮೇಲೆ ದಪ್ಪ ಅಕ್ಷರದಲ್ಲಿ ಬರೆದ. ಎರಡನೆಯವನಿಗೂ ಬಗ್ಗಿ ನೋಡಿದ. ಮೂರನೆಯವನಿಗೂ. ಹದಿನೇಳು ಸಲ ನಾನು ಅಂಕಿ ಹೇಳಿದೆ, ಹದಿನೇಳು ಸಲವೂ ಅವನು ಬಗ್ಗಿದ.